ಕತ್ತೆ ಚಾಕರಿಯೂ ಹೋದರೆ?

1978ರ ಜೂನ್ 30, ರಾತ್ರಿ ಹತ್ತೂವರೆ. ತಿಪಟೂರಿನ ಒಂದು ಬ್ಯಾಂಕ್ ಶಾಖೆ. ಆಗ ಬ್ಯಾಂಕುಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ನಡುವೆ ಜೂನ್ ಕೊನೆಗೆ ಅರ್ಧ ವರ್ಷದ ಲೆಕ್ಕ. ಅವತ್ತು ಎಲ್ಲ ಉಳಿತಾಯ ಖಾತೆಗಳಿಗೆ ಬಡ್ಡಿ ಹಾಕಿ, ಒಂದೊಂದು ಲೆಡ್ಜರನ್ನೂ ಕೂಡಿ, ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆ ಹಾಕಬೇಕು. ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಐದನೇ ನಂಬರಿನ ಲೆಡ್ಜರು ನನ್ನ ಪಾಲು. ಮೂರು ಸಲ ಕೂಡಿದೆ, ಮೂರು ಸಲವೂ 450 ರೂಪಾಯಿ ವ್ಯತ್ಯಾಸ. ಶಾಖೆಯಲ್ಲಿ ಒಂದು ಕ್ಯಾಲ್ಕುಲೇಟರ್ ಇತ್ತು, ಅದು ಮ್ಯಾನೇಜರ ಡ್ರಾಯರಿನಲ್ಲಿ ಬೀಗದೊಳಗೆ.

ಹೆಡ್ ಕ್ಲರ್ಕ್ ನನ್ನ ಹಿಂದೆ ಬಂದು ನಿಂತರು. ‘ಎಷ್ಟಯ್ಯಾ ವ್ಯತ್ಯಾಸ?’ ಅಂದರು. ಹೇಳಿದೆ. ‘ಒಂಬತ್ತರಿಂದ ಭಾಗ ಆಗುತ್ತಲ್ಲ. ಎಲ್ಲೋ ಎರಡು ಅಂಕಿ ಅದಲು ಬದಲು ಬರೆದಿದ್ದೀಯ. ಕೂಡೋದನ್ನ ಬಿಡು, ಅದನ್ನ ಹುಡುಕು.’ ರಾತ್ರಿ ಹನ್ನೆರಡೂವರೆಗೆ ಸಿಕ್ಕಿತು. ಒಬ್ಬ ಕೊಬ್ಬರಿ ವರ್ತಕರ ಹೆಂಡತಿಯ ಖಾತೆಯಲ್ಲಿ 5,830 ಎಂದು ಬರೆಯಬೇಕಾದಲ್ಲಿ ನಾನು 5,380 ಎಂದು ಬರೆದಿದ್ದೆ.

ಆ ಕೆಲಸಕ್ಕೆ ನಾವು ಇಟ್ಟಿದ್ದ ಹೆಸರು ಕತ್ತೆ ಚಾಕರಿ. ಹೊಸದಾಗಿ ಸೇರಿದವನ ತಲೆಗೆ ಅದು ಬೀಳುತ್ತಿತ್ತು. ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಲೆಕ್ಕದ ರಾತ್ರಿಗಳಲ್ಲಿ ಎದುರಿನ ಹೋಟೆಲಿಗೆ ಹೋಗಿ ಎಲ್ಲರಿಗೂ ಫ್ಲಾಸ್ಕಿನಲ್ಲಿ ಕಾಫಿ ತರುವುದು. ಮುಂದಿನ ವರ್ಷ ಇನ್ನೊಬ್ಬ ಹುಡುಗ ಸೇರಿದ, ಫ್ಲಾಸ್ಕು ಅವನ ಕೈಗೆ ಹೋಯಿತು. ಅದು ಪದೋನ್ನತಿ ಎಂದು ಆಗ ನನಗೆ ತೋಚಲಿಲ್ಲ.

ಇವತ್ತಿನ ಮಾತಿಗೆ ಆಕಾಶವಾಣಿಯವರು ಕೊಟ್ಟ ವಿಷಯ ಕೃತಕ ಬುದ್ಧಿಮತ್ತೆ, ರೋಬೋಟುಗಳು ಮತ್ತು ಮಧ್ಯಮ ವರ್ಗದ ಉದ್ಯೋಗ. ನಾನು ಎಂಜಿನಿಯರನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಆದರೆ ಕಚೇರಿಯೊಳಕ್ಕೆ ಯಂತ್ರ ಕಾಲಿಟ್ಟ ದಿನ ಒಳಗೆ ಇದ್ದವನು. ಅದು ಕಾಲಿಟ್ಟ ಮೇಲೆ ಮೂವತ್ತು ವರ್ಷ ಏನಾಯಿತು ಎಂಬುದನ್ನು ಒಳಗೇ ಕೂತು ನೋಡಿದವನು. ಅಷ್ಟೇ ನನ್ನ ಅರ್ಹತೆ.

ಮಧ್ಯಮ ವರ್ಗ ಅಂದರೆ ಯಾರು? ಇಷ್ಟು ಲಕ್ಷದಿಂದ ಅಷ್ಟು ಲಕ್ಷದ ತನಕ ಆದಾಯ ಇರುವವರು ಎಂದು ಪುಸ್ತಕದವರು ಹೇಳುತ್ತಾರೆ. ನಾನು ಕಂಡ ಮಧ್ಯಮ ವರ್ಗಕ್ಕೆ ಜಮೀನಿರಲಿಲ್ಲ, ಅಂಗಡಿ ಇರಲಿಲ್ಲ. ಇದ್ದದ್ದು ಒಂದು ಮಾರ್ಕ್ಸ್ ಕಾರ್ಡು. ಆಮೇಲೆ ಒಂದು ಮನೆ ಸಾಲ. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಕಳೆದುಕೊಂಡವರ ಮಗನೂ ಅದೇ ಜಮೀನು ಪಡೆದವರ ಮಗನೂ ನಮ್ಮ ಶಾಖೆಯಲ್ಲಿ ಅಕ್ಕಪಕ್ಕದ ಕೌಂಟರಿನಲ್ಲಿ ಕೂತಿದ್ದರು. ಇಬ್ಬರನ್ನೂ ಅಲ್ಲಿಗೆ ತಂದದ್ದು ಗುಮಾಸ್ತಿಕೆ.

ಆಗ ಅಂಥ ಕೆಲಸಗಳಿಗೆ ಬರವಿರಲಿಲ್ಲ. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ದೇಶದಲ್ಲಿ ಇದ್ದ ಬ್ಯಾಂಕ್ ಶಾಖೆಗಳು 8,262. 1990ರ ಹೊತ್ತಿಗೆ 59 ಸಾವಿರ ದಾಟಿತ್ತು. ಒಂದೊಂದು ಶಾಖೆಗೂ ಐದಾರು ಗುಮಾಸ್ತರು ಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕು ಎಂದು ಕರಾವಳಿಯಲ್ಲಿ ಹುಟ್ಟಿದವೇ ಐದು. ಆ ಬೋರ್ಡುಗಳಲ್ಲಿ ಮೂರು ಈಗ ಇಲ್ಲ, ಆ ಮಾತು ಬಿಡಿ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಊರೂರಲ್ಲೂ ಮಕ್ಕಳನ್ನು ಟೈಪಿಂಗ್ ಕ್ಲಾಸಿಗೆ ಸೇರಿಸುತ್ತಿದ್ದರು. ಬೆಳಿಗ್ಗೆ ಆರರಿಂದ ಏಳರ ಬ್ಯಾಚು, ಸಾಲಾಗಿ ಗೋದ್ರೆಜ್, ರೆಮಿಂಗ್ಟನ್ ಯಂತ್ರಗಳು, ಜೂನಿಯರ್ ಪರೀಕ್ಷೆ, ಸೀನಿಯರ್ ಪರೀಕ್ಷೆ. ಎರಡೂ ಪಾಸಾದ ಹುಡುಗಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬರುತ್ತಿತ್ತು.

ಹಾಗಿರುವಾಗ ಕಂಪ್ಯೂಟರಿನ ಸುದ್ದಿ ಬಂತು. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಾಂತ್ರೀಕರಣದ ಬಗ್ಗೆ ಒಪ್ಪಂದವಾಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ. ಅದರ ಫಲವಾಗಿ ನಮ್ಮಲ್ಲಿಗೆ ಬಂದ ಯಂತ್ರದ ಹೆಸರು ಎ.ಎಲ್.ಪಿ.ಎಂ. ಅದನ್ನು ಕಂಪ್ಯೂಟರ್ ಎಂದು ಕರೆಯುವ ಹಾಗಿಲ್ಲ, ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಎನ್ನಬೇಕು. ಕಂಪ್ಯೂಟರ್ ಎಂಬ ಮಾತಿಗೇ ಅಷ್ಟು ಭಯ. ನಾನೂ ಕಪ್ಪು ಪಟ್ಟಿ ಕಟ್ಟಿಕೊಂಡು ಗೇಟಿನ ಮುಂದೆ ಧಿಕ್ಕಾರ ಕೂಗಿದವನೇ. ಅದೇ ಸಂಜೆ ಯಾರಿಗೂ ಹೇಳದೆ, ಯಂತ್ರದ ಭತ್ಯೆ ಸಿಗುವ ಆಪರೇಟರ್ ಹುದ್ದೆಗೆ ಅರ್ಜಿ ಬರೆದೆ. ಮಧ್ಯಮ ವರ್ಗದ ಸ್ವಭಾವ ತಿಳಿಯಬೇಕಾದರೆ ಇದೊಂದು ಪ್ರಸಂಗ ಸಾಕು.

ನಾವು ಕೂಗಿದ ಘೋಷಣೆ ‘ನಮ್ಮ ಕೆಲಸ ಹೋಗುತ್ತದೆ’ ಎಂದು. ಅದು ಸುಳ್ಳಾಯಿತು. ಯಂತ್ರ ಬಂತೆಂದು ನಮ್ಮ ಶಾಖೆಯಲ್ಲಿ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಸಂಬಳ ಏರಿತು, ಪಿಂಚಣಿ ಬಂತು, ವ್ಯವಹಾರ ಹತ್ತು ಪಟ್ಟಾಯಿತು. 2016ರಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಕಂಪ್ಯೂಟರನ್ನು ವಿರೋಧಿಸಿದವರು ಎಷ್ಟು ದಡ್ಡರಾಗಿದ್ದರು ನೋಡಿ ಎಂದು ಈಗ ಭಾಷಣಗಳಲ್ಲಿ ನಮ್ಮನ್ನು ಉದಾಹರಣೆಯಾಗಿ ಎತ್ತಿ ತೋರಿಸುತ್ತಾರೆ. ಇರಲಿ.

ಆದರೆ ಆ ಭಾಷಣಕಾರರು ನೋಡದ ಒಂದು ಸಂಗತಿ ಇದೆ. 2001ರಲ್ಲಿ ಬ್ಯಾಂಕ್ ಸೇವಾ ನೇಮಕಾತಿ ಮಂಡಳಿಗಳನ್ನು ಮುಚ್ಚಿದರು. ಅದೇ ಹೊತ್ತಿಗೆ ಬಂದ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳ ಸುಮಾರು ಒಂದು ಲಕ್ಷ ಮಂದಿ ಮನೆಗೆ ಹೋದರು. ಐಬಿಪಿಎಸ್ ಎಂಬ ಸಂಸ್ಥೆಯ ಸಾಮಾನ್ಯ ಪರೀಕ್ಷೆಯ ಮೂಲಕ ಗುಮಾಸ್ತರ ನೇಮಕ ಮತ್ತೆ ಜೋರಾಗಿ ಶುರುವಾದದ್ದು 2011ರಲ್ಲಿ. ಇದಕ್ಕೆಲ್ಲ ಕಂಪ್ಯೂಟರ್ ಒಂದೇ ಕಾರಣ ಅಂದರೆ ತಪ್ಪಾಗುತ್ತದೆ. ಬ್ಯಾಂಕುಗಳ ಕೆಟ್ಟ ಸಾಲ, ಸರ್ಕಾರದ ಮಿತವ್ಯಯ ಎಲ್ಲವೂ ಸೇರಿತ್ತು. ಆದರೆ ಹುಡುಗರಿಲ್ಲದೆ ಶಾಖೆ ನಡೆಸಲು ಸಾಧ್ಯವಾದದ್ದು ಯಂತ್ರದಿಂದ. ನಾನು ಮ್ಯಾನೇಜರಾಗಿದ್ದ ಒಂದು ಶಾಖೆಯಲ್ಲಿ ಎಲ್ಲರಿಗಿಂತ ಚಿಕ್ಕ ಗುಮಾಸ್ತನಿಗೆ 46 ವರ್ಷ. ಅವನನ್ನು ಎಲ್ಲರೂ ‘ಮರಿ’ ಎಂದೇ ಕರೆಯುತ್ತಿದ್ದರು. ಕನ್ನಡಕ ಹಾಕಿಕೊಂಡ, ಬಿಪಿ ಮಾತ್ರೆ ನುಂಗುವ, ಮಗಳ ಮದುವೆಗೆ ಸಾಲ ಕೇಳಿದ್ದ ಮರಿ. ಮಾರ್ಚ್ 31ರ ರಾತ್ರಿ ಕಾಫಿಗೆ ಹೋಗುತ್ತಿದ್ದವನು ಅವನೇ.

ಅಂದರೆ, ಯಂತ್ರ ನನ್ನ ಕೆಲಸ ತೆಗೆಯಲಿಲ್ಲ. ನನ್ನ ಹಿಂದೆ ಬರಬೇಕಾಗಿದ್ದವನ ಕೆಲಸ ತೆಗೆಯಿತು. ಅವನು ಯಾರು ಎಂದು ನಮಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಕೆಲಸದಿಂದ ತೆಗೆದರೆ ಧರಣಿ ಕೂರಬಹುದು, ಕೋರ್ಟಿಗೆ ಹೋಗಬಹುದು, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಕರೆಯದೇ ಇದ್ದ ಇಂಟರ್‌ವ್ಯೂಗೆ ಯಾರು ಧರಣಿ ಕೂರುತ್ತಾರೆ? ಹುಡುಗನ ಅಪ್ಪ ‘ನಮ್ಮವನು ಸರಿಯಾಗಿ ಓದಲಿಲ್ಲ’ ಅಂದುಕೊಂಡು ಸುಮ್ಮನಾಗುತ್ತಾನೆ.

ಆ ಹುಡುಗರಲ್ಲಿ ಅನೇಕರು ಎಲ್ಲಿ ಹೋದರು ಎಂಬುದು ನಮಗೆಲ್ಲ ಗೊತ್ತಿದೆ, ಬೆಂಗಳೂರಿಗೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲೆ ಸಾಲುಸಾಲಾಗಿ ಉಳಿದವು. ಬ್ಯಾಂಕು ಮುಚ್ಚಿದ ಬಾಗಿಲನ್ನು ಸಾಫ್ಟ್‌ವೇರ್ ತೆರೆಯಿತು. 2024ರ ಹೊತ್ತಿಗೆ ದೇಶದಲ್ಲಿ ಸುಮಾರು 54 ಲಕ್ಷ ಮಂದಿ ಈ ಉದ್ಯಮದಲ್ಲಿದ್ದರು. ಹೊಳೆಯುವ ಗಾಜಿನ ಕಟ್ಟಡ, ಕೊರಳಲ್ಲಿ ಟ್ಯಾಗು, ಇಂಗ್ಲಿಷು; ಇದು ಬೇರೆಯದೇ ಲೋಕ ಅಂತ ಬಹಳ ದಿನ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ನಮ್ಮ ಲೆಡ್ಜರ್ ರೂಮೇ. ಮೇಲೆ ಕೆಲವೇ ಅನುಭವಿಗಳು, ಕೆಳಗೆ ಕಾಲೇಜಿನಿಂದ ನೇರವಾಗಿ ಬಂದ ಸಾವಿರಾರು ಫ್ರೆಶರುಗಳು. ಬೇರೆ ದೇಶದ ಒಂದು ಕಂಪನಿಯ ಹಳೆಯ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು, ಟೆಸ್ಟ್ ಕೇಸ್ ಬರೆಯುವುದು, ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಅಂಕಿಗಳನ್ನು ಸಾಗಿಸುವುದು. ಎಷ್ಟು ತಲೆ, ಎಷ್ಟು ಗಂಟೆ ಎಂದು ಲೆಕ್ಕ ಹಾಕಿ ಗಿರಾಕಿಗೆ ಬಿಲ್ಲು. ಶುದ್ಧ ಕತ್ತೆ ಚಾಕರಿ; ಎಸಿ ಇತ್ತು ಅಷ್ಟೆ. ಫ್ರೆಶರ್ ವಾರ್ಷಿಕ ಸಂಬಳ ಹತ್ತು ಹದಿನೈದು ವರ್ಷದಿಂದ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಆದರೂ ಅದರಲ್ಲಿ ಕಲಿತು ಮೇಲೆ ಹತ್ತಿದವರೇ ಇವತ್ತಿನ ದೊಡ್ಡ ದೊಡ್ಡ ಆರ್ಕಿಟೆಕ್ಟುಗಳು, ಮ್ಯಾನೇಜರುಗಳು.

2022ರ ನವೆಂಬರ್ 30ರಂದು ಚಾಟ್ ಜಿಪಿಟಿ ಬಂದದ್ದು ನಿಮಗೆಲ್ಲ ಗೊತ್ತು. ಅದರ ಹಿಂದೆಯೇ ಇನ್ನೂ ಹಲವು ಬಂದವು. ಇವು ಬಂದು ಕೂತದ್ದು ಸರಿಯಾಗಿ ಈ ಕೆಳಗಿನ ಮೆಟ್ಟಿಲಿನ ಮೇಲೆ. ಹಿಂದಿನ ಯಂತ್ರ ಕೂಡುತ್ತಿತ್ತು, ಕಳೆಯುತ್ತಿತ್ತು. ಇದು ಓದುತ್ತದೆ, ಬರೆಯುತ್ತದೆ, ಸಾರಾಂಶ ಹೇಳುತ್ತದೆ, ಪ್ರೋಗ್ರಾಮು ಹೆಣೆಯುತ್ತದೆ. ಹೊಸದಾಗಿ ಸೇರಿದವರಿಗೆ ಏನೇನು ಹಚ್ಚುತ್ತಿದ್ದೆವೋ ಅದಷ್ಟನ್ನೂ ಮಾಡುತ್ತದೆ.

2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಅಮೆರಿಕದ ಸಂಬಳಪಟ್ಟಿಗಳನ್ನು ಹಿಡಿದು ಒಂದು ಅಧ್ಯಯನ ಮಾಡಿದರು. ಎಐ ಹೆಚ್ಚು ಮುಟ್ಟುವ ಉದ್ಯೋಗಗಳಲ್ಲಿ 22ರಿಂದ 25 ವಯಸ್ಸಿನವರ ನೌಕರಿ, ಬೇರೆಯವರಿಗೆ ಹೋಲಿಸಿದರೆ, ನೂರಕ್ಕೆ 13ರಷ್ಟು ಕುಗ್ಗಿತ್ತು. ಅದೇ ಉದ್ಯೋಗಗಳಲ್ಲಿ ವಯಸ್ಸಾದವರಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ 46 ವರ್ಷದ ಮರಿ.

ಇನ್ನೊಂದು ಕಡೆಯನ್ನೂ ಹೇಳಬೇಕು. ಅದೇ ಬ್ರಿನ್ಯೋಲ್ಫ್‌ಸನ್ ಇದಕ್ಕೂ ಮೊದಲು ಗ್ರಾಹಕ ಸೇವೆಯ ಐದು ಸಾವಿರ ಚಿಲ್ಲರೆ ಉದ್ಯೋಗಿಗಳನ್ನು ಗಮನಿಸಿದ್ದರು. ಎಐ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾಗ ಹೊಸಬರ ಕೆಲಸ ಸುಮಾರು ನೂರಕ್ಕೆ 34ರಷ್ಟು ಚುರುಕಾಯಿತು. ಪಳಗಿದವರಲ್ಲಿ ಹೆಚ್ಚು ಬದಲಾವಣೆ ಕಾಣಲಿಲ್ಲ. ಅಂದರೆ ಈ ಯಂತ್ರಕ್ಕೆ ಹೆಡ್ ಕ್ಲರ್ಕ್ ಆಗುವ ಯೋಗ್ಯತೆಯೂ ಇದೆ, ಹಿಂದೆ ನಿಂತು ‘ಒಂಬತ್ತರಿಂದ ಭಾಗವಾಗುತ್ತಲ್ಲಯ್ಯ’ ಎನ್ನಬಲ್ಲದು. ಅದನ್ನು ಹುಡುಗನ ಬದಲಿಗೆ ಕೂರಿಸುತ್ತೀರೋ ಹುಡುಗನ ಹಿಂದೆ ನಿಲ್ಲಿಸುತ್ತೀರೋ, ತೀರ್ಮಾನ ಯಜಮಾನನದು. ಮೊದಲನೆಯದರಲ್ಲಿ ಈ ತಿಂಗಳೇ ಸಂಬಳ ಉಳಿಯುತ್ತದೆ. ಎರಡನೆಯದರ ಲಾಭ ಹತ್ತು ವರ್ಷ ಕಳೆದ ಮೇಲೆ, ಅದೂ ಬಹುಶಃ ಬೇರೆ ಕಂಪನಿಗೆ. ಯಾವುದನ್ನು ಆರಿಸುತ್ತಾರೆಂದು ನಾನು ಹೇಳಬೇಕಾಗಿಲ್ಲ.

ಮುಂದೇನಾಗುತ್ತದೆ ಎಂದು ಹೇಳುವ ಜ್ಯೋತಿಷಿಗಳನ್ನು ಮಾತ್ರ ಹೆಚ್ಚು ನಂಬಬೇಡಿ. ಅಮೆರಿಕದ ನೂರಕ್ಕೆ 47ರಷ್ಟು ಉದ್ಯೋಗಗಳು ಒಂದೆರಡು ದಶಕದಲ್ಲಿ ಯಂತ್ರದ ಪಾಲಾಗುವ ಅಪಾಯವಿದೆ ಎಂದು ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು 2013ರಲ್ಲಿ ಲೆಕ್ಕ ಹಾಕಿದ್ದರು. ಹತ್ತು ವರ್ಷ ಕಳೆದಾಗ ಅಲ್ಲಿ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂಬ ಗೋಳಿತ್ತು. ಈ ವಿದ್ಯೆಯ ಪಿತಾಮಹರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2016ರಲ್ಲಿ, ಇನ್ನು ಮೇಲೆ ಎಕ್ಸ್‌ರೇ ಓದುವ ವೈದ್ಯರನ್ನು ತಯಾರು ಮಾಡುವುದನ್ನೇ ನಿಲ್ಲಿಸಬೇಕು ಎಂದಿದ್ದರು. ಅವರ ಮಾತು ಕೇಳಿ ನಿಲ್ಲಿಸಿದ್ದರೆ ಇವತ್ತು ಸ್ಕ್ಯಾನಿಂಗ್ ವರದಿಗೆ ಇನ್ನೂ ಎರಡು ದಿನ ಹೆಚ್ಚು ಕಾಯಬೇಕಾಗುತ್ತಿತ್ತು. ಅವರು ಹುಂಬರಲ್ಲ, 2024ರಲ್ಲಿ ನೊಬೆಲ್ ಪಡೆದವರು. ಯಂತ್ರ ಏನು ಮಾಡಬಲ್ಲದು ಎಂಬುದು ಅವರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಒಬ್ಬ ಎಕ್ಸ್‌ರೇ ವೈದ್ಯ ದಿನವಿಡೀ ಏನೇನು ಮಾಡುತ್ತಾನೆ ಎಂಬುದು ಆಸ್ಪತ್ರೆಯ ಆಯಾಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು.

ರೋಬೋಟುಗಳ ವಿಷಯ ಬೇರೆ. ಯಂತ್ರಮಾನವ ಅಂದಕೂಡಲೇ ಎರಡು ಕಾಲಿನ ಉಕ್ಕಿನ ಮನುಷ್ಯ ನೆನಪಾಗುತ್ತಾನೆ. ನಿಜದ ರೋಬೋಟು ಬಹುಪಾಲು ಕಾರ್ಖಾನೆಯಲ್ಲಿ ನಿಂತಲ್ಲೇ ನಿಂತು ಒಂದೇ ಕೆಲಸ ಮಾಡುವ ಒಂದು ಕೈ. 2023ರಲ್ಲಿ ಭಾರತದ ಕಾರ್ಖಾನೆಗಳಿಗೆ ಹೊಸದಾಗಿ ಬಂದವು ಸುಮಾರು ಎಂಟೂವರೆ ಸಾವಿರ. ಅದೇ ವರ್ಷ ಚೀನಾದಲ್ಲಿ ಎರಡು ಮುಕ್ಕಾಲು ಲಕ್ಷ. ನಮ್ಮಲ್ಲಿ ಯಾಕೆ ಕಡಿಮೆ ಅಂದರೆ ಮನುಷ್ಯನ ಕೈ ಅಗ್ಗ. ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಕೆಲಸ ಉಳಿದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಟ್ಟೆ ಮೆತ್ತಗಿರುತ್ತದೆ. ಕಬ್ಬಿಣ ಇಟ್ಟಲ್ಲಿ ಇರುತ್ತದೆ, ಬಟ್ಟೆ ಜಾರುತ್ತದೆ, ಮಡಚಿಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ. ಅಂಗಿಯ ಕಾಲರನ್ನು ಬೆರಳ ತುದಿಯಲ್ಲಿ ಸರಿಪಡಿಸುತ್ತಾ ಸೂಜಿಯ ಕೆಳಗೆ ತಳ್ಳುವುದು ಆ ಹೆಂಗಸಿಗೆ ನೀರು ಕುಡಿದಷ್ಟು ಸುಲಭ, ರೋಬೋಟಿಗೆ ಕಬ್ಬಿಣದ ಕಡಲೆ. ಹ್ಯಾನ್ಸ್ ಮೊರಾವೆಕ್ ಎಂಬ ವಿಜ್ಞಾನಿ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದ. ಚದುರಂಗ ಆಡುವುದು ಯಂತ್ರಕ್ಕೆ ಸಲೀಸು, ಒಂದು ವರ್ಷದ ಮಗುವಿನಂತೆ ನಡೆಯುವುದು, ಹಿಡಿಯುವುದು ಮಹಾ ಕಷ್ಟ.

‘ಓದದೇ ಇದ್ದರೆ ದನ ಕಾಯೋಕೆ ಹೋಗಬೇಕಾಗುತ್ತೆ’ ಎಂದು ಬೈಸಿಕೊಂಡು ಬೆಳೆದವರು ನಾವು. ಈಗ ನೋಡಿದರೆ ಓದಿದವನ ಕೆಲಸಕ್ಕೆ ಯಂತ್ರ ಬಂದಿದೆ, ದನ ಕಾಯುವ ಕೆಲಸಕ್ಕೆ ಬಂದಿಲ್ಲ. ನನ್ನ ಮೇಷ್ಟ್ರು ಇದ್ದಿದ್ದರೆ ಏನು ಹೇಳುತ್ತಿದ್ದರೋ.

ಇಲ್ಲಿ ಒಂದು ಸಿಟ್ಟಿನ ಮಾತು ಆಡುತ್ತೇನೆ. ಯಂತ್ರ ಬೇಗ ಬರಬೇಕಾದ ಜಾಗ ಒಂದಿತ್ತು, ಮ್ಯಾನ್‌ಹೋಲ್. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದನ್ನು ನಿಷೇಧಿಸುವ ಕಾಯಿದೆ 2013ರಲ್ಲೇ ಆಯಿತು. 2018ರಲ್ಲಿ ಕೇರಳದ ಕೆಲವು ಎಂಜಿನಿಯರ್ ಹುಡುಗರು ಬ್ಯಾಂಡಿಕೂಟ್ ಎಂಬ ರೋಬೋಟು ಮಾಡಿ ತಿರುವನಂತಪುರದಲ್ಲಿ ಇಳಿಸಿ ತೋರಿಸಿದರು. ಆದರೂ ಒಳಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಗುಮಾಸ್ತನ ಕುರ್ಚಿಗೆ ಬರಲು ಯಂತ್ರಕ್ಕೆ ಎರಡು ವರ್ಷ ಸಾಕಾಯಿತು, ಗಟಾರಕ್ಕೆ ಇಳಿಯಲು ಹನ್ನೆರಡು ವರ್ಷ ಸಾಲಲಿಲ್ಲ. ತಂತ್ರಜ್ಞಾನ ತನ್ನಷ್ಟಕ್ಕೆ ತಾನೇ ಬರುತ್ತದೆ, ಯಾರೂ ತಡೆಯಲಾಗದು ಎನ್ನುವವರು ಇದಕ್ಕೆ ಉತ್ತರ ಹೇಳಲಿ. ಅದು ದುಡ್ಡು ಇಟ್ಟ ಕಡೆಗೆ ಬರುತ್ತದೆ.

ನನ್ನ ತಮ್ಮನ ಮಗಳ ವಿಷಯಕ್ಕೆ ಬರುತ್ತೇನೆ. ಹಾಸನದಲ್ಲಿ 2024ರಲ್ಲಿ ಎಂಜಿನಿಯರಿಂಗ್ ಮುಗಿಸಿದಳು. ಕೊನೆಯ ವರ್ಷದಲ್ಲೇ ಒಂದು ದೊಡ್ಡ ಕಂಪನಿಯ ಆಫರ್ ಲೆಟರ್ ಬಂದಿತ್ತು, ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಸೇರುವ ತಾರೀಕು ಮಾತ್ರ ಬರಲಿಲ್ಲ. ಹನ್ನೊಂದು ತಿಂಗಳು ಕಾದ ಮೇಲೆ ಇನ್ನೊಂದು ಪರೀಕ್ಷೆ ಬರೆಯಿರಿ ಎಂದರು. ಬರೆದಳು. ಆಮೇಲೆ ಎರಡು ಸಾಲಿನ ಇ-ಮೇಲ್. ಅವಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ ಎಂಬುದನ್ನು ಗಮನಿಸಿ. ಆ ಲೆಕ್ಕ ಎಲ್ಲೂ ಬರುವುದಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ನೂರಕ್ಕೆ ಎರಡರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುತ್ತೇವೆ ಎಂದಾಗ ದೇಶವೆಲ್ಲ ಸುದ್ದಿಯಾಯಿತು. ಎಐ ಕಾರಣವಲ್ಲ, ಕೌಶಲ ಹೊಂದುತ್ತಿಲ್ಲ ಅಷ್ಟೆ ಎಂದು ಆ ಕಂಪನಿಯ ಮುಖ್ಯಸ್ಥರು ವಿವರಣೆ ಕೊಟ್ಟರು. ಅದರ ಸತ್ಯಾಸತ್ಯ ಏನೇ ಇರಲಿ, ಆ 12 ಸಾವಿರ ಕಣ್ಣಿಗೆ ಕಂಡಿತು.

ಹುಡುಗಿ ಕಡೆಗೆ ಎಚ್‌ಎಸ್‌ಆರ್ ಲೇಔಟಿನ ಒಂದು ಸಣ್ಣ ಕಂಪನಿಗೆ ಸೇರಿದ್ದಾಳೆ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಹೋದ ತಿಂಗಳು ಒಂದು ಶನಿವಾರ ಮೈಸೂರಿಗೆ ಬಂದವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಯಾವುದೋ ಸಂಘದ ಹಳೆಯ ಬಡ್ಡಿ ಲೆಕ್ಕ ಪರಿಶೀಲಿಸಬೇಕಂತೆ. ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ ಎಂಬ ಹಳೇ ಪದ್ಧತಿ. ಬ್ಯಾಂಕುಗಳಲ್ಲೂ 2010ರ ಮಾರ್ಚ್ ಕೊನೆಯವರೆಗೆ ಅದೇ ಇತ್ತು, ಆಮೇಲೆ ದಿನದಿನದ ಲೆಕ್ಕವಾಯಿತು. ಅವಳು ನಿಯಮವನ್ನು ಎರಡು ಸಾಲಿನಲ್ಲಿ ಟೈಪ್ ಮಾಡಿದಳು. ಅರ್ಧ ನಿಮಿಷದಲ್ಲಿ ಯಂತ್ರ ಪ್ರೋಗ್ರಾಮು ಬರೆದು, ಅದನ್ನು ಪರೀಕ್ಷಿಸಲು ಇಪ್ಪತ್ತು ಉದಾಹರಣೆಗಳನ್ನೂ ತಾನೇ ಬರೆದು, ಇಪ್ಪತ್ತಕ್ಕೂ ಹಸಿರು ಗುರುತು ಹಾಕಿ ಮುಂದಿಟ್ಟಿತು. ನನಗೆ ನಿಜವಾಗಿಯೂ ಕೈ ಮುಗಿಯಬೇಕು ಅನ್ನಿಸಿತು.

ಸುಮ್ಮನಿರಲಾರದೆ ಹೇಳಿದೆ: ‘ಒಂದು ಖಾತೆ ತಗೋ. ಒಂಬತ್ತನೇ ತಾರೀಕಿಗೆ 200 ರೂಪಾಯಿ ಇದೆ. ಹತ್ತನೇ ತಾರೀಕು ಮಧ್ಯಾಹ್ನ 5,000 ಕಟ್ಟಿದ್ದಾರೆ. ಆಮೇಲೆ ಏನೂ ಇಲ್ಲ. ಬಡ್ಡಿ ಎಷ್ಟಕ್ಕೆ?’ ಹಾಕಿ ನೋಡಿದಳು. ಯಂತ್ರದ ಲೆಕ್ಕ 200ಕ್ಕೆ ಬಡ್ಡಿ ಎಂದಿತು. ತಪ್ಪು. ಹತ್ತನೇ ತಾರೀಕಿನ ವ್ಯವಹಾರ ಮುಗಿದ ಮೇಲಿನ ಮೊತ್ತದಿಂದ ಎಣಿಸಬೇಕು. 5,200ಕ್ಕೆ ಬಡ್ಡಿ ಬರಬೇಕು. ಅವಳು ಹಾಗೆಂದು ಬರೆದಳು. ಯಂತ್ರ ಕ್ಷಮೆ ಕೇಳಿ, ನೀವು ಹೇಳಿದ್ದು ಸರಿ ಎಂದು ಹೊಗಳಿ, ಹತ್ತು ಸೆಕೆಂಡಿನಲ್ಲಿ ತಿದ್ದಿಕೊಂಡಿತು. ಅಷ್ಟು ವಿನಯದಿಂದ ತಪ್ಪು ಒಪ್ಪಿಕೊಂಡ ಗುಮಾಸ್ತನನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ.

‘ನಿಮಗೆ ಹೇಗೆ ಗೊತ್ತಾಯ್ತು ದೊಡ್ಡಪ್ಪ?’ ಅಂದಳು. ಗೊತ್ತಾದದ್ದು ಏನೂ ಇಲ್ಲ, ನೆನಪಾಯಿತು. ತಿಪಟೂರಿನಲ್ಲಿ ಪ್ರತಿ ತಿಂಗಳು ಹತ್ತನೇ ತಾರೀಕು ಕ್ಯಾಷ್ ಕೌಂಟರಿನ ಮುಂದೆ ಉದ್ದ ಸಾಲು. ಬಡ್ಡಿಯ ಗುಟ್ಟು ತಿಳಿದವರೆಲ್ಲ ಅವತ್ತೇ ಬಂದು ದುಡ್ಡು ಕಟ್ಟಿ, ಮುಂದಿನ ತಿಂಗಳು ಒಂದನೇ ತಾರೀಕು ತೆಗೆದುಕೊಂಡು ಹೋಗುವರು. ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಹತ್ತರಂದು ಕಟ್ಟಿದ್ದನ್ನು ನಾನು ಲೆಡ್ಜರಿನಲ್ಲಿ ಹನ್ನೊಂದರ ತಾರೀಕಿಗೆ ಬರೆದುಬಿಟ್ಟಿದ್ದೆ. ಅರ್ಧ ವರ್ಷದ ಬಡ್ಡಿ ಬಂದ ದಿನ ಕೆಲವು ರೂಪಾಯಿ ಕಮ್ಮಿ. ಇಡೀ ಶಾಖೆಯ ಮುಂದೆ ಪಾಸ್‌ಬುಕ್ಕನ್ನು ಕೌಂಟರಿಗೆ ಬಡಿದು ಬೈದರು. ಅಂಥ ಬೈಗುಳ ಮರೆಯುವುದಿಲ್ಲ.

ನಾನು ಕತ್ತೆ ಚಾಕರಿಯನ್ನು ಹೊಗಳುತ್ತಿಲ್ಲ. ಅದರಲ್ಲಿ ನನ್ನ ಕಣ್ಣು ಹಾಳಾಯಿತು, ಮಗ ಹುಟ್ಟಿದ ರಾತ್ರಿ ನಾನು ಬಡ್ಡಿ ಹಾಕುತ್ತಾ ಕೂತಿದ್ದೆ. ಯಂತ್ರಕ್ಕೆ ಕೊಟ್ಟದ್ದೇ ಒಳ್ಳೆಯದಾಯಿತು. ಆದರೆ ಆ ಕೆಲಸದ ಜೊತೆಗೆ ಯಾರೂ ಸಿಲಬಸ್ಸಿನಲ್ಲಿ ಬರೆಯದ ಒಂದು ಪಾಠಶಾಲೆಯೂ ನಡೆಯುತ್ತಿತ್ತು, ಸಂಬಳ ಕೊಟ್ಟು ಕಲಿಸುವ ಪಾಠಶಾಲೆ. ಯಂತ್ರದ ಕೆಲಸದಲ್ಲಿ ತಪ್ಪು ಹಿಡಿಯಲು ಅನುಭವಸ್ಥರು ಬೇಕು ಎನ್ನುತ್ತಾರೆ. ಸರಿ. ಅನುಭವಸ್ಥರೆಲ್ಲ ಒಂದು ಕಾಲದ ಅನನುಭವಿಗಳೇ ತಾನೆ? ವೈದ್ಯರಲ್ಲಿ ಹೌಸ್ ಸರ್ಜನ್ ಎಂಬ ಪದ್ಧತಿ ಇದೆ. ಹೊಲಿಗೆ ಹಾಕಲು ಹಿರಿಯರಿದ್ದಾರೆ, ಹುಡುಗರು ಯಾಕೆ ಎಂದು ಯಾವ ಆಸ್ಪತ್ರೆಯೂ ಕೇಳುವ ಹಾಗಿಲ್ಲ. ಕಲಿಸದೇ ಇದ್ದರೆ ಕಾಲೇಜಿನ ಮಾನ್ಯತೆ ಹೋಗುತ್ತದೆ. ಲೆಕ್ಕಪತ್ರ, ಸಾಫ್ಟ್‌ವೇರ್, ಕಾನೂನು ಕಚೇರಿಗಳಿಗೂ ಅಂಥದೊಂದು ಕಟ್ಟುಪಾಡು ಬೇಕೆಂದು ನನಗನ್ನಿಸುತ್ತದೆ. 2024ರ ಕೇಂದ್ರ ಬಜೆಟ್ಟಿನಲ್ಲಿ, ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಎಂದು ಪ್ರಕಟಿಸಿದರು, ತಿಂಗಳಿಗೆ ಐದು ಸಾವಿರ ಭತ್ಯೆ. ಆಲೋಚನೆ ಒಳ್ಳೆಯದೇ. ಐದು ಸಾವಿರಕ್ಕೆ ಬೆಂಗಳೂರಿನಲ್ಲಿ ಪಿಜಿಯ ಮಂಚ ಸಿಕ್ಕರೂ ಊಟ ಸಿಗುವುದಿಲ್ಲ.

ಪಿಜಿ ಅಂದಾಗ ನೆನಪಾಯಿತು. ಒಬ್ಬ ಫ್ರೆಶರ್ ಸೇರಲಿಲ್ಲ ಅಂದರೆ ಅವನೊಬ್ಬನ ಸಂಬಳ ಮಾತ್ರ ಹೋಗುವುದಿಲ್ಲ. ಬಿಟಿಎಂ ಲೇಔಟಿನಲ್ಲಿ ಸಾಲ ಮಾಡಿ ಮೂರು ಮಹಡಿ ಎಬ್ಬಿಸಿ ಪಿಜಿ ಮಾಡಿದ ನಿವೃತ್ತ ನೌಕರ, ಅಲ್ಲಿ ಚಪಾತಿ ಲಟ್ಟಿಸುವ ಕಲಬುರಗಿಯ ಹೆಂಗಸು, ಇಸ್ತ್ರಿ ಗಾಡಿಯವನು, ಕೆಲಸ ಸಿಕ್ಕ ಐದನೇ ವರ್ಷಕ್ಕೆ ಆ ಹುಡುಗ ಕೊಳ್ಳಬೇಕಾಗಿದ್ದ ಫ್ಲಾಟಿಗೆ ಗಾರೆ ಕಲಸುವವನು, ಎಲ್ಲರೂ ಆ ಒಂದು ಮೂರೂವರೆ ಲಕ್ಷಕ್ಕೆ ಗಂಟು ಬಿದ್ದವರು. ರೋಬೋಟಿಗೆ ಚಪಾತಿ ಲಟ್ಟಿಸಲು ಬರುವುದಿಲ್ಲ, ನಿಜ. ತಿನ್ನುವವರು ಇಲ್ಲದಿದ್ದರೆ ಲಟ್ಟಿಸಿ ಏನು ಮಾಡುವುದು?

ಈ ಮೈಕಿಗೂ ಕಾಲ ಬಂದಿದೆ ಎನ್ನಿ. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿ ಕ್ರಿಶ್, ಭೂಮಿ ಎಂಬ ಇಬ್ಬರು ಎಐ ನಿರೂಪಕರನ್ನು ಕೂರಿಸಿತು. ಐವತ್ತು ಭಾಷೆ ಮಾತಾಡುತ್ತಾರಂತೆ, ನೀರು ಕೇಳುವುದಿಲ್ಲ, ಕೆಮ್ಮುವುದಿಲ್ಲ. ‘ಆಕಾಶವಾಣಿ’ ಎಂಬ ಹೆಸರು ಮೊದಲು ಹುಟ್ಟಿದ್ದು ಇದೇ ಮೈಸೂರಿನಲ್ಲಿ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಡೆಸಿದ ಬಾನುಲಿಯಲ್ಲಿ. ಅಶರೀರ ವಾಣಿ ಎಂಬ ಅರ್ಥ ಇಷ್ಟು ಅಕ್ಷರಶಃ ನಿಜವಾಗುತ್ತದೆಂದು ಅವರೂ ಅಂದುಕೊಂಡಿರಲಾರರು.

ಬಡ್ಡಿ ಲೆಕ್ಕ ತಿದ್ದಿದ ಮರುದಿನ, ಭಾನುವಾರ ಸಂಜೆ ತಮ್ಮನ ಮಗಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ದಾರಿಯಲ್ಲಿ ಅವಳಿಗೆ ಒಂಬತ್ತರ ಭಾಗಾಕಾರದ ಗುಟ್ಟು ಹೇಳಿಕೊಟ್ಟೆ. ಫೋನಿನಲ್ಲಿ ಯಂತ್ರವನ್ನು ಕೇಳಿದಳು. ಅದಕ್ಕೆ ಗೊತ್ತಿತ್ತು, ಯಾಕೆ ಹಾಗಾಗುತ್ತದೆ ಎಂಬ ಗಣಿತವನ್ನೂ ವಿವರಿಸಿತು. ನನಗೆ ನಲವತ್ತೇಳು ವರ್ಷದಿಂದ ಆ ಕಾರಣ ಗೊತ್ತಿರಲಿಲ್ಲ. ಸ್ವಲ್ಪ ಮುಖಭಂಗವಾಯಿತು, ಮಾತು ಬದಲಿಸಿದೆ. ‘ನಿಮ್ಮ ತಂಡದಲ್ಲಿ ಎಷ್ಟು ಜನ?’ ಅಂದೆ. ‘ಏಳು ಜನ ದೊಡ್ಡಪ್ಪ. ನಾನೇ ಎಲ್ಲರಿಗಿಂತ ಚಿಕ್ಕವಳು.’

‘ನಿನ್ನ ಆಮೇಲೆ ಯಾರೂ ಸೇರಿಲ್ಲವಾ?’

‘ಇಲ್ಲ. ಸದ್ಯಕ್ಕೆ ಯಾರನ್ನೂ ತಗೊಳ್ಳೋಲ್ವಂತೆ.’

ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ತಿರುಗಿ ನಕ್ಕಳು. ‘ಎಲ್ಲರಿಗೂ ಟೀ ಆರ್ಡರ್ ಮಾಡೋ ಕೆಲಸ ಇನ್ನೂ ನಂದೇ.’